ನಾಲ್ಕನೇ ನಂಬರಿನ ಬೆಲ್ಟು

"ಮೆಟ್ಟಿಲು ಮುಟ್ಟೋಕ್ ಮುಂಚೇನೇ ನೂರ ನಲವತ್ತಾ?" ಶಶಿಧರ್ ಸಾಹೇಬರು ಟ್ಯಾಬಿನ ಪರದೆ ನೋಡಿ ನಕ್ಕರು. "ಏನ್ರೀ ಮರಿಯಯ್ಯ, ಇಷ್ಟೊಂದು ಭಯ?"

ಮರಿಯಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಭಯವಂತೆ ಭಯ. ಇಪ್ಪತ್ತೊಂಬತ್ತು ವರ್ಷ ಅಗ್ನಿಶಾಮಕ ದಳದಲ್ಲಿ ದುಡಿದವನು, ಮದ್ದೂರು ಕಡೆ ತೆಂಗಿನ ನಾರಿನ ಗೋದಾಮು ಹೊತ್ತಿಕೊಂಡಾಗ ಪೈಪು ಹೆಗಲಿಗೇರಿಸಿ ಮೊದಲು ಒಳಗೆ ನುಗ್ಗಿದವನು, ಒಂದಡಿ ಎತ್ತರದ ಮರದ ಹಲಗೆಗೆ ಹೆದರುತ್ತಾನೆಯೇ?

ಪರೀಕ್ಷೆಯೇನೋ ಸುಲಭದ್ದು. ಎದೆಗೆ ಬಡಿತ ಎಣಿಸುವ ಬೆಲ್ಟು ಕಟ್ಟಿಕೊಂಡು ಐದು ನಿಮಿಷ ಆ ಹಲಗೆ ಹತ್ತಿ ಇಳಿಯಬೇಕು. ಆಮೇಲೆ ಒಂದು ನಿಮಿಷ ಕೂರಬೇಕು. ಅಷ್ಟರಲ್ಲಿ ಎದೆಬಡಿತ ನೂರಿಪ್ಪತ್ತಕ್ಕಿಂತ ಕೆಳಗಿಳಿದರೆ ಪಾಸು. ಠಾಣೆಯ ಉಳಿದವರೆಲ್ಲ ಪಾಸಾಗಿದ್ದರು. ಮರಿಯಯ್ಯ ಎರಡು ಸಲ ಫೇಲು. ಇದು ಮೂರನೆಯದು, ಕೊನೆಯದು. ಇದೂ ಹೋದರೆ ಬೆಂಕಿ ಆರಿಸುವ ಗಾಡಿ ಹತ್ತುವ ಹಾಗಿಲ್ಲ. ಉಳಿದ ಐದು ವರ್ಷ ಠಾಣೆಯ ಫೋನಿನ ಮುಂದೆ ಕೂತು "ಹಲೋ" ಅನ್ನಬೇಕು.

ಅದಕ್ಕಿಂತ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿತ್ತು. ಹೋದ ತಿಂಗಳು ಈ ಬೆಲ್ಟುಗಳು ಬಂದ ದಿನ, ಹೇಗೆ ಕಟ್ಟುವುದೆಂದು ತೋರಿಸಲು ಎಲ್ಲರನ್ನೂ ಒಮ್ಮೆ ಹತ್ತಿಸಿದಾಗ, ಇಡೀ ಠಾಣೆಯಲ್ಲಿ ಅವನ ಎದೆಬಡಿತವೇ ಚೆನ್ನಾಗಿತ್ತು. ಆವತ್ತು ಸಂಜೆ ಬೆವರು ನಾರುತ್ತಿದ್ದ ಬೆಲ್ಟುಗಳನ್ನು ತೊಳೆದು ಪೈಪುಗಳ ಪಕ್ಕ ನೇತುಹಾಕಿದವನೂ ಅವನೇ. ಬಳಸಿದ ಯಾವುದನ್ನೂ ತೊಳೆದು ಒಣಗಿಸದೆ ಒಳಗಿಡುವ ರೂಢಿ ಆ ಠಾಣೆಯಲ್ಲಿಲ್ಲ. ನೀರಿಗೆ ಉದುರಿದ್ದ ಎರಡು ನಂಬರ್ ಚೀಟಿಗಳನ್ನು, ಒಂದನೆಯದು ಮತ್ತು ನಾಲ್ಕನೆಯದು, ಗೋಂದು ಹಚ್ಚಿ ಮತ್ತೆ ಅಂಟಿಸಿಯೂ ಇದ್ದ. ಅಷ್ಟೆಲ್ಲ ಸೇವೆ ಮಾಡಿದ್ದಕ್ಕೆ ನಾಲ್ಕನೇ ನಂಬರಿನ ಆ ದರಿದ್ರ ಬೆಲ್ಟು ಕೊಟ್ಟ ಬಹುಮಾನ ಇದು.

ಒಂದನೇ ನಂಬರು ಸಾಹೇಬರದು; ಯಾವ ಬೆಲ್ಟು ಯಾರದೆಂದು ಬಂದ ದಿನವೇ ಟ್ಯಾಬಿಗೆ ಸೇರಿಸಿಯಾಗಿತ್ತು. ಜಿಲ್ಲಾ ಕಚೇರಿಯಿಂದ ಪರೀಕ್ಷೆಗೆ ಬಂದಾಗಲೆಲ್ಲ ಮೊದಲು ತಾವೇ ಕಟ್ಟಿಕೊಂಡು ಐದು ನಿಮಿಷ ಹತ್ತಿ ಇಳಿದು ತೋರಿಸುತ್ತಿದ್ದರು. ಇವತ್ತೂ, ಮರಿಯಯ್ಯ ತನ್ನ ಬೆಲ್ಟು ಕಟ್ಟಿಕೊಂಡು ಕಾಯುತ್ತಿದ್ದಾಗ, ತೋರಿಸಿದ್ದರು; ತಮ್ಮ ಬೆಲ್ಟು ಇನ್ನೂ ಬಿಚ್ಚಿರಲಿಲ್ಲ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಮಾತಿಗೊಮ್ಮೆ ತೇಗುತ್ತಿದ್ದರು. ಆದರೂ ಪರದೆಯ ಮೇಲೆ ಅವರ ಹೆಸರಿನ ಮುಂದೆ ಎಪ್ಪತ್ತನಾಲ್ಕು!

"ನಲವತ್ತೆರಡು ವರ್ಷ ನನಗೆ," ಎಂದು ಪರದೆಯನ್ನು ಎಲ್ಲರಿಗೂ ಹಿಡಿದು ತೋರಿಸಿದ್ದರು. "ನೋಡಿ ಕಲೀರಿ."

ಮರಿಯಯ್ಯ ಏನು ಕಡಿಮೆ ಮಾಡಿದ್ದ? ಕಾಫಿ ಬಿಟ್ಟ. ಬೀಡಿಯನ್ನಂತೂ ಎಂದೂ ಮುಟ್ಟಿದವನಲ್ಲ. ದಿನಾ ಬೆಳಗಾಗೆದ್ದು ತಾನಿರುವ ಗುತ್ತಲು ಬಡಾವಣೆಯ ಬೀದಿಗಳಲ್ಲಿ ಓಡಿದ. "ಈ ವಯಸ್ನಲ್ಲಿ ಯಾರ್ ಅಟ್ಟುಸ್ಕಂಡ್ ಬತ್ತಾವ್ರೆ ಅಂತ ಇಂಗ್ ಓಡ್ತೀರ?" ಎಂದು ಹೆಂಡತಿ ನಾಗಮಣಿ ಕೈಯಲ್ಲಿ ಬೈಸಿಕೊಂಡ.

"ಶುರು ಮಾಡಿ," ಎಂದರು ಸಾಹೇಬರು.

ಅವನು ಹತ್ತಿದ. ಇಳಿದ. ಸಾಹೇಬರು ಗೋಡೆಗೊರಗಿ ನಿಂತು ಎಣಿಸಿದರು. ಐದು ನಿಮಿಷ ಮುಗಿಯುವ ಹೊತ್ತಿಗೆ ಅವರ ದನಿಯೇ ಸೋತಿತ್ತು. ಮರಿಯಯ್ಯ ಕುರ್ಚಿಯ ಮೇಲೆ ಕೂತು, ಕಣ್ಣು ಮುಚ್ಚಿ, ಮನೆದೇವರನ್ನು ನೆನೆಸಿಕೊಂಡ.

"ನೂರ ಅರವತ್ತೆಂಟು," ಎಂದರು ಸಾಹೇಬರು. "ಇನ್ನೂ ಏರ್ತಾ ಇದೆ."

"ಸಾ, ನನ್ ಉಸ್ರೇ ಏರಿಲ್ಲ. ಬೇಕಾದ್ರೆ ಕೈ ಇಡ್ದು ನೀವೇ ಎಣಿಸಿ ನೋಡಿ."

"ಕೈ ಹಿಡಿದು ಎಣಿಸೋ ಕಾಲ ಹೋಯ್ತು ಮರಿಯಯ್ಯ." ಸಾಹೇಬರು ಹಣೆ ಒರೆಸಿಕೊಂಡರು. "ತನ್ನ ಎದೇಲಿ ಏನಾಗ್ತಿದೆ ಅಂತ ಮನುಷ್ಯನಿಗೇ ಗೊತ್ತಾಗಲ್ಲ. ಅದಕ್ಕೇ ಮಿಷನ್ ಇರೋದು."

"ಓಗ್ಲಿ ಬುಡಣ್ಣ," ಎಂದ ಡ್ರೈವರ್ ಅಂಬರೀಶ್, ಸಮಾಧಾನ ಮಾಡುವವನಂತೆ. "ನೆರಳಲ್ಲಿ ಕೂತ್ಕಂಡು ಆರಾಮಾಗಿ ಫೋನ್ ಎತ್ತು."

"ನೀನ್ ಸುಮ್ಕಿರ್ಲಾ."

ತಲೆ ಕೆಟ್ಟುಹೋಯಿತು ಮರಿಯಯ್ಯನಿಗೆ. ಅಂಗಿಯೊಳಗೆ ಕೈ ಹಾಕಿ ಕೊಂಡಿ ಕಿತ್ತು, ಬೆಲ್ಟನ್ನು ಟ್ಯಾಬಿನ ಪಕ್ಕ ಮೇಜಿನ ಮೇಲೆ ರಪ್ಪನೆ ಎಸೆದ. "ಇಟ್ಕಳಿ ಸಾ ನಿಮ್ ಮಿಷನ್ನ. ಮೂರ್ ದಪ ಮಾನ ಕಳೀತು."

ಸಾಹೇಬರು ರೇಗಲಿಲ್ಲ. ಮೆಲ್ಲಗೆ ಸ್ಟೂಲಿನ ಮೇಲೆ ಕುಸಿದು ಕೂತರು. "ಅಂಬರೀಶ್, ಒಂದು ಸೋಡಾ ತರ್ಸಪ್ಪ. ದಾರೀಲಿ ತಿಂದ ಬೋಂಡ ಯಾಕೋ ಆಗ್ಬರ್ಲಿಲ್ಲ. ಗ್ಯಾಸ್ಟ್ರಿಕ್ಕು."

ಮರಿಯಯ್ಯ ಇನ್ನೂ ಬೈಯಬೇಕೆಂದು ಬಾಯಿ ತೆರೆದಿದ್ದ. ಕಣ್ಣು ಪರದೆಯ ಮೇಲೆ ಬಿತ್ತು. ಒಂದನೇ ನಂಬರಿನ ಚೀಟಿ, ನಾಲ್ಕನೇ ನಂಬರಿನ ಚೀಟಿ, ಬೆರಳಿಗೆ ಮೆತ್ತಿಕೊಂಡಿದ್ದ ಗೋಂದು, ಎಲ್ಲ ಒಟ್ಟಿಗೆ ನೆನಪಾದವು.

"ಸೋಡಾ ಗೀಡಾ ಬ್ಯಾಡ ಕಣ್ಲಾ ಅಂಬರೀಶ. ಜೀಪ್ ತೆಗಿ. ಮಂಡ್ಯ ದೊಡ್ಡಾಸ್ಪತ್ರೆಗೆ. ಬಿರ್ರನೆ."

"ಈಗ ಬುದ್ಧಿ ಬಂತು ನೋಡಿ," ಸಾಹೇಬರು ಸುಸ್ತಾದ ದನಿಯಲ್ಲಿ ನಕ್ಕರು. "ಮೊದಲ ಸಲವೇ ಹೋಗಿ ತೋರಿಸ್ಕೋಬೇಕಿತ್ತು ನೀವು."

ಮರಿಯಯ್ಯ ಟ್ಯಾಬನ್ನು ಅವರ ಕಡೆಗೆ ತಿರುಗಿಸಿದ.

ಬೆಲ್ಟು ಮೇಜಿನ ಮೇಲೆ ಯಾರ ಎದೆಯೂ ಇಲ್ಲದೆ ಬಿದ್ದಿತ್ತು. ಪರದೆಯಲ್ಲಿ ಶಶಿಧರ್ ಹೆಸರಿನ ಮುಂದಿನ ಅಂಕಿ ಅಳಿಸಿಹೋಗಿತ್ತು, ಮರಿಯಯ್ಯನ ಹೆಸರಿನ ಮುಂದೆ ಮಾತ್ರ ನೂರ ಎಪ್ಪತ್ತೆಂಟು ಇನ್ನೂ ಬಡಿದುಕೊಳ್ಳುತ್ತಲೇ ಇತ್ತು.