ಹೋಗದ ಅರಿಶಿನ

ಕಲ್ಲಿನ ಮೇಲೆ ಅರಿಶಿನದ ಕೊಂಬು ತೇಯುವ ವಾಸನೆ ಬಂದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ.

ನಾವು ಉಡುಪಿ ಕಡೆಯವರು. ಚೆನ್ನೈಗೆ ಬಂದ ಮೇಲೆ ವೇಲಚೇರಿಯ ಫ್ಲ್ಯಾಟಿನಲ್ಲೂ ಅಮ್ಮ ಅರಿಶಿನ ಹಚ್ಚಿಯೇ ಸ್ನಾನ ಮಾಡುತ್ತಿದ್ದಳು. ಹಾಗಾಗಿ ಅವಳ ಮುಖ ಹಳದಿಯಾಗುತ್ತ ಬಂದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮೈಯೆಲ್ಲ ತುರಿಕೆ ಎಂದು ಬಾಚಣಿಗೆಯಿಂದ ಕೆರೆದುಕೊಳ್ಳುತ್ತಿದ್ದಳು. ಚೆನ್ನೈಯ ಸೆಕೆ ಎಂದುಕೊಂಡೆವು.

ಒಂದು ಮಧ್ಯಾಹ್ನ ಊರಿನಿಂದ ಅಪ್ಪನ ಅಮ್ಮ, ನನ್ನ ಅಜ್ಜಿ, ಬಂದರು. "ಎಂತ ಮಾರಾಯ್ತಿ, ಇಷ್ಟು ಅರಿಶಿನವಾ? ಬಾ ಇಲ್ಲಿ," ಎಂದು ನಗುತ್ತಲೇ ಅಮ್ಮನ ಮಣಿಕಟ್ಟು ಹಿಡಿದು, ಒದ್ದೆ ಬೈರಾಸಿನಿಂದ ಕೆನ್ನೆ ಒರೆಸಿದರು. ಬೈರಾಸು ಬೆಳ್ಳಗೇ ಉಳಿಯಿತು. ಸಾಬೂನು ಹಾಕಿ ಉಜ್ಜಿದರು. ಕೆನ್ನೆ ಹಾಗೆಯೇ ಹಳದಿ.

"ಅತ್ತೆ, ತುರಿಕೆ ಅಂತ ನಾನು ಅರಿಶಿನ ಬಿಟ್ಟು ವಾರ ಆಯ್ತು," ಎಂದಳು ಅಮ್ಮ.

ಅಜ್ಜಿಯ ನಗು ನಿಂತಿತು. ಅಮ್ಮನ ರೆಪ್ಪೆ ಎಳೆದು ನೋಡಿದರು. ಕಣ್ಣಿನ ಬಿಳಿಯೂ ಹಳದಿಯಾಗಿತ್ತು.

ಪಿತ್ತನಾಳ ಹಾಳಾಗಿದೆ, ಜೊತೆಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳನ್ನು ಮೈಯೇ ಕೊಲ್ಲುತ್ತಿದೆ, ಮುಟ್ಟಿದರೂ ಒಳಗೆ ರಕ್ತ ಕಂದುತ್ತದೆ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಆಗ ನನಗೆ ಕಂಡದ್ದು ಮಣಿಕಟ್ಟು ಮಾತ್ರ. ಅಜ್ಜಿ ಹಿಡಿದು ಬಿಟ್ಟ ಜಾಗದಲ್ಲಿ ನೋಡನೋಡುತ್ತ ಅವರ ಬೆರಳುಗಳೆಲ್ಲ ನೀಲಿಯಾಗಿ ಮೂಡಿದವು. ಗಾಬರಿಗೆ, ನೋಡಿ ಎನ್ನಲು ಕನ್ನಡವೇ ಬಾಯಿಗೆ ಬಾರದೆ, ತಮಿಳಿನಲ್ಲಿ "ಪಾರುಂಗ, ಪಾರುಂಗ" ಎಂದು ಕಿರುಚಿದೆ.

ಅಜ್ಜಿ ನೋಡಿದರು. ನೋಡಿ, ತಪ್ಪು ಮಾಡಿದವರ ಹಾಗೆ ತಮ್ಮ ಕೈಯನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಏಳಲಾರದೆ ಅಮ್ಮ ಆಸರೆಗೆಂದು ಕೈ ಚಾಚಿದಾಗಲೂ ಅಜ್ಜಿಯ ಕೈ ಹೊರಗೆ ಬರಲಿಲ್ಲ.