ಎಡಗಾಲಿಗಷ್ಟೇ ಪೂಜೆ

ಭೀಮನ ಅಮಾವಾಸ್ಯೆಯ ಬೆಳಿಗ್ಗೆ ರೇಣುಕಾ ಗಂಡನ ಎಡಗಾಲು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹೂವು ಏರಿಸಿದಳು. ಬಲಗಾಲನ್ನು ಮಾತ್ರ ಮಣೆಯಿಂದ ಆಚೆ ಸರಿಸಿಬಿಟ್ಟಳು.

"ಅದನ್ಯಾಕ ಬಿಟ್ಟಿ?" ಕುರ್ಚಿಯಲ್ಲಿ ಕೂತಿದ್ದ ಗಾದಿಲಿಂಗಪ್ಪ ಕೇಳಿದ.

"ಅದು ನಿಮ್ಮ ಪುಣ್ಯಾತಗಿತ್ತಿದು. ಅದರ ಪೂಜಿ ನೀವ ದಿನಾ ಮಾಡ್ತೀರಲ್ಲ."

ಹೊಟ್ಟೆಕಿಚ್ಚಿಗೂ ಒಂದು ವಿಳಾಸ ಬೇಕಲ್ಲ? ರೇಣುಕಾಳ ಕಿಚ್ಚಿಗೆ ಅದೂ ಇರಲಿಲ್ಲ. ಆ ಹೆಂಗಸಿನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಮುಖ ಕಂಡಿಲ್ಲ.

ಮೂರು ತಿಂಗಳ ಹಿಂದೆ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಭತ್ತದ ಲಾರಿಯ ಮೇಲಿಂದ ಬಿದ್ದು ಗಾದಿಲಿಂಗಪ್ಪ ಬಲಗಾಲಿನ ಹಿಮ್ಮಡಿ ಪುಡಿ ಮಾಡಿಕೊಂಡಿದ್ದ. ಬಳ್ಳಾರಿಯಲ್ಲಿ ಆಪರೇಷನ್ ಮುಗಿಸಿ ಹೊರಬಂದ ಡಾಕ್ಟರ್ ಅರುಣಾ ಸಮಾಧಾನವಾಗಿಯೇ ಹೇಳಿದ್ದರು. "ರಕ್ತ ನಿಲ್ಲಿಸಾಕ ಒಳಗ ಒಂದು ಸ್ಪಂಜು ಇಟ್ಟೀವಮ್ಮ, ಅದು ತಾನೇ ಕರಗಿ ಹೋಗತೈತಿ. ಪುಡಿ ಆದ ಜಾಗಕ್ಕ ಬ್ಯಾರೆಯವರ ಎಲುಬು ತುಂಬೀವಿ. ಸೊಂಟದ ಕೀಲು ಬದಲಿ ಮಾಡಿಸಿಕೊಂಡ ಒಬ್ಬ ಹೆಣ್ಮಗಳು, ತೆಗೆದ ಎಲುಬು ದಾನ ಕೊಟ್ಟಿದ್ಲು."

"ಆ ಎಲುಬೂ ಕರಗಿ ಹೋಗತೈತೇನ್ರಿ?" ರೇಣುಕಾ ಆಸೆಯಿಂದ ಕೇಳಿದ್ದಳು.

"ಇಲ್ಲಮ್ಮ. ಇವರ ಎಲುಬಿನ ಜೋಡಿ ಕೂಡಿ ಒಂದಾಗತೈತಿ."

ಡಾಕ್ಟರು ನಕ್ಕಿದ್ದರು. ರೇಣುಕಾಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗಲೇ.

ಕುರುಗೋಡಿನ ಮನೆಗೆ ಬಂದ ಮೇಲೆ ಗಾದಿಲಿಂಗಪ್ಪನದು ಒಂದೇ ಪುರಾಣ. ನೋಡಲು ಬಂದವರಿಗೆಲ್ಲ, "ಯಾವ ತಾಯಿನೋ ಏನೋ, ಆಕಿ ಸೊಂಟದ ಮ್ಯಾಲೆ ನಿಂತೀನಿ ನೋಡ್ರಿ" ಎನ್ನುತ್ತ ಹಿಮ್ಮಡಿ ಸವರಿಕೊಳ್ಳುತ್ತಿದ್ದ. ಬಂದವರಿಗೆ ಚಹಾ ಕೊಡುತ್ತಿದ್ದವಳು ರೇಣುಕಾ. ಅಷ್ಟೆತ್ತರದ ಆಳನ್ನು ದಿನಕ್ಕೆ ನಾಲ್ಕು ಸಲ ಎತ್ತಿ ಬಚ್ಚಲಿಗೆ ಕರೆದೊಯ್ದವಳೂ ಅವಳೇ. ಪುರಾಣದಲ್ಲಿ ಅವಳ ಹೆಸರು ಒಂದು ಸಲವೂ ಬರಲಿಲ್ಲ. ಕೇಳಿದ್ದರೆ ತನ್ನ ಎಲುಬನ್ನೇ ಕೊಡುತ್ತಿರಲಿಲ್ಲವೇ? ಕೇಳಿದವರು ಯಾರು?

ಈಗ ಗಾದಿಲಿಂಗಪ್ಪ ಗಹಗಹಿಸಿ ನಕ್ಕ. "ಎಲುಬಿನ ಮ್ಯಾಲೂ ಹೊಟ್ಟಿಕಿಚ್ಚೇನಲೇ ನಿಂದು!"

ರೇಣುಕಾ ಎಡಗಾಲಿಗೆ ಹಣೆ ಮುಟ್ಟಿಸಿದಳು. ಏಳಲು ಹೋದಳು, ಆಗಲಿಲ್ಲ. ಸೊಂಟ ಹಿಡಿದುಕೊಂಡು ಅಲ್ಲೇ ಕುಸಿದಳು.

ಅವನ ನಗು ನಿಂತಿತು. "ಏನಾತು?"

"ಏನಿಲ್ಲ. ಸೊಂಟ. ನಿಮ್ಮನ್ನ ಎತ್ತಿ ಇಳಿಸಿದಾಗಿಂದ ಹಿಂಗ ಐತಿ."

"ನನಗ ಹೇಳಲೇ ಇಲ್ಲಲ್ಲ?"

"ನಿಮಗ ಆಕಿ ಸೊಂಟದ ಚಿಂತಿ ಇತ್ತು."

ಗಾದಿಲಿಂಗಪ್ಪ ಬಾಗಿ ಅವಳ ಕೈ ಹಿಡಿದ. ಅಷ್ಟರಲ್ಲಿ ಪಕ್ಕದ ಮನೆಯ ಎರ್ರೆಪ್ಪ ಬಾಗಿಲಲ್ಲಿ ಇಣುಕಿ, ಎಂದಿನಂತೆ ಛೇಡಿಸಿದ. "ಹೆಂಗದಾಳೋ ನಿನ್ನ ಪುಣ್ಯಾತಗಿತ್ತಿ?"

ರೇಣುಕಾ ಹಲ್ಲು ಕಚ್ಚಿದಳು. ಮತ್ತೆ ಅದೇ ಪುರಾಣ ಶುರುವಾಗುತ್ತದೆ ಎಂದುಕೊಂಡಳು.

"ಯಾವಾಕಿನ್ನ ಕೇಳ್ತಿಯೋ ಎರ್ರೆಪ್ಪ?" ಗಾದಿಲಿಂಗಪ್ಪ ಹೆಂಡತಿಯ ಕೈ ಬಿಡದೆ ಹೇಳಿದ. "ಇಬ್ಬರದಾರ. ನಾ ನಿಂತಿರೋದು ಎರಡು ಸೊಂಟದ ಮ್ಯಾಲೆ."

ಇಬ್ಬರು ಎಂದದ್ದು ರೇಣುಕಾಳಿಗೆ ಚುರುಕ್ಕೆಂದಿತು. ಆದರೂ ಕುಂಕುಮದ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡಳು.

"ಮಣಿ ಮ್ಯಾಲೆ ಇಡ್ರಿ ಆಕಿನ್ನ," ಎಂದಳು.