ಸಾಯದ ಜಿರಳೆಗಳು

"ಬಾಟಲಿಗೆ ಏನು ಬೆರೆಸಿದೆ? ಬಾಯಿಬಿಡು!"

ಅಕ್ಕ ಮೇಜು ಗುದ್ದಿದ ರಭಸಕ್ಕೆ ಗಾಜಿನ ಪೆಟ್ಟಿಗೆಯೊಳಗಿನ ಜಿರಳೆಗಳು ದಿಕ್ಕಾಪಾಲಾಗಿ ಓಡಿದವು. ಅವು ಓಡುತ್ತಿದ್ದುದೇ ಅವಳ ಸಿಟ್ಟಿಗೆ ಕಾರಣ. ನಿನ್ನೆಯೇ ಸಾಯಬೇಕಿತ್ತು.

ತಂಗಿ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು.

ಕೀಟನಾಶಕದ ಆ ಪ್ರಯೋಗಾಲಯದಲ್ಲಿ ಇಬ್ಬರಿಗೂ ಒಂದೇ ಕೋಣೆ. ಔಷಧಿ ತಯಾರಿಸುವವಳು ಅಕ್ಕ. ಜಿರಳೆಯ ನರಕ್ಕೆ ತಂತಿ ಜೋಡಿಸಿ ಮಿಡಿತ ಅಳೆಯುವವಳು ತಂಗಿ. ಹಳೆಯ ಔಷಧಿಯಲ್ಲಿ ಗಂಧಕವಿದ್ದ ಜಾಗಕ್ಕೆ ಅಕ್ಕ ಆಮ್ಲಜನಕವನ್ನು ತಂದು ಕೂರಿಸಿದ್ದಳು. ಅಷ್ಟೇ ಬದಲಾವಣೆ. ಹೋದ ವಾರ ಅದರ ಒಂದು ಹನಿ ಸೋಕಿದ್ದೇ ತಡ, ನರಗಳು ಬಿಡುವಿಲ್ಲದೆ ಮಿಡಿದು ಜಿರಳೆಗಳು ಕಾಲು ಮೇಲೆ ಮಾಡಿ ಬಿದ್ದಿದ್ದವು. ಈಗಲೂ ಅದೇ ಬಾಟಲಿ. ಒಂದೂ ಸಾಯುತ್ತಿಲ್ಲ.

ಸಂಶೋಧನಾ ಪ್ರಬಂಧದಲ್ಲಿ ತನ್ನ ಹೆಸರು ಎರಡನೆಯದಾಯಿತೆಂದು ತಂಗಿ ಮಾತು ಬಿಟ್ಟು ತಿಂಗಳಾಗಿತ್ತು. ಈಗ ಹಗೆ ತೀರಿಸಿಕೊಳ್ಳುತ್ತಿದ್ದಾಳೆ, ಅನುಮಾನವೇ ಬೇಡ. ಅಕ್ಕನ ಕೈಗವಸುಗಳನ್ನು ಕಸಕ್ಕೆಸೆದಿದ್ದಳು. ಅವಳ ಕುರ್ಚಿಯನ್ನು ಹೇಳದೆ ಕೇಳದೆ ಕಿಟಕಿಯ ಬಳಿಗೆ ಎಳೆದಿದ್ದಳು. ದೀಪಗಳಿಗೂ ಏನೋ ಮಾಡಿರಬೇಕು. ವಾರದಿಂದ ಕೋಣೆಯೆಲ್ಲ ಮಬ್ಬು. ಕೋಪಕ್ಕೆ ಅಕ್ಕನ ರೆಪ್ಪೆ ಪಟಪಟ ಅದುರಿತು, ಅಂಗೈ ಬೆವೆತಿತು. ಸಾಲದ್ದಕ್ಕೆ ಹಾಳು ನೆಗಡಿ.

"ಅಕ್ಕ, ಮೊದಲು ಡಾಕ್ಟರ್ ಹತ್ರ ಹೋಗು."

"ನನಗೇನು ತಲೆ ಕೆಟ್ಟಿದೆಯಾ?"

"ನಾನು ಏನು ಹೇಳಿದ್ರೂ ನಿನಗೆ ವಿಷವೇ."

"ಮಾತು ತಿರುಗಿಸಬೇಡ. ಬಾಟಲಿ ಮುಟ್ಟಿದ್ದು ನೀನೇ ತಾನೆ?"

"ನಾನೇ. ನಾಲ್ಕು ದಿನ ಆಯ್ತು. ಅದರಲ್ಲಿರೋದು ಬರೀ ಸ್ಪಿರಿಟ್ಟು. ನಿನ್ನ ಔಷಧಿನ ಬೀಗ ಹಾಕಿ ಇಟ್ಟಿದ್ದೀನಿ."

ಅಕ್ಕನ ಮೈಯೆಲ್ಲ ಉರಿದುಹೋಯಿತು. ಒಡಹುಟ್ಟಿದವಳೆಂದು ಇಷ್ಟು ದಿನ ಸುಮ್ಮನಿದ್ದದ್ದೇ ತಪ್ಪಾಯಿತು. ಪುಣ್ಯಕ್ಕೆ, ಬೆಳಿಗ್ಗೆಯೇ ನಿರ್ದೇಶಕರಿಗೆ ದೂರು ಕೊಟ್ಟಾಗಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಅವರೇ ನಿಂತಿದ್ದರು, ಕೈಯಲ್ಲೊಂದು ಕಾಗದ ಹಿಡಿದು.

"ಕೇಳಿಸ್ಕೊಂಡ್ರಲ್ಲ ಸಾರ್? ಇವತ್ತೇ ಇವಳನ್ನ ಕೆಲಸದಿಂದ ತೆಗೀರಿ!"

ನಿರ್ದೇಶಕರು ಒಳಗೆ ಬಂದರು. ಕಾಗದವನ್ನು ತಂಗಿಗೆ ಕೊಡಲಿಲ್ಲ. ಅಕ್ಕನ ಮುಂದಿಟ್ಟರು.

"ಹೋದ ವಾರ ಮಾಮೂಲಿ ತಪಾಸಣೆಗೆ ಕೊಟ್ಟಿದ್ರಲ್ಲ, ನಿಮ್ಮ ರಕ್ತದ ವರದಿ ಈಗ ಬಂತು. ನಿಮ್ಮ ಔಷಧಿ ಜಿರಳೆಗೆ ಏನು ಮಾಡ್ತಿತ್ತೋ, ನಿಮಗೂ ಅದನ್ನೇ ಮಾಡ್ತಿದೆ. ಇವರು ಬಾಟಲಿ ಬದಲಾಯಿಸದೆ ಇದ್ದಿದ್ರೆ, ಇವತ್ತು ದೂರು ಕೊಡೋಕೆ ನೀವೇ ಇರ್ತಿರಲಿಲ್ಲ."